ಆರುನೂರು ಅಂಕಗಳಲ್ಲಿ ಏನೇನಿದೆ?



ದತ್ತಿ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಶರಣರ ಬಗ್ಗೆ, ದಾಸರ ಬಗ್ಗೆ, ಏಕೀಕರಣದ ಹೋರಾಟದ ಬಗ್ಗೆ ಮಾತು ನಡೆಯುತ್ತದೆ. ಶಿಕ್ಷಣದ ಬಗ್ಗೆ ಏನಾದರೂ ಹೇಳಿ ಎಂದು ದತ್ತಿ ಇಟ್ಟವರು ಕೇಳಿದಾಗ ನಾನು ಆರಿಸಿಕೊಂಡದ್ದು ದ್ವಿತೀಯ ಪಿಯುಸಿ ಅಂಕಪಟ್ಟಿಯನ್ನು. ನಮ್ಮ ಮನೆಗಳಲ್ಲಿ ಹೊಲದ ಪಹಣಿಯಷ್ಟೇ ಜೋಪಾನವಾಗಿ ಟ್ರಂಕಿನಲ್ಲಿ ಇಡುವ ಕಾಗದ ಅದು. ಪಹಣಿಯಲ್ಲಿ ಸರ್ವೆ ನಂಬರ್ ಎಲ್ಲಿದೆ, ವಿಸ್ತೀರ್ಣ ಎಲ್ಲಿದೆ, ಬೆಳೆಯ ಕಾಲಂ ಯಾವುದು ಎಂಬುದು ನಮ್ಮ ರೈತರಿಗೆ ಬಾಯಿಪಾಠ. ಅಂಕಪಟ್ಟಿಯನ್ನು ಹಾಗೆ ಬಿಡಿಸಿ ಓದಬಲ್ಲವರು ಕಡಿಮೆ. ಕೆಳಗಿನ ಮೊತ್ತ ನೋಡುತ್ತೇವೆ, ಮಡಚಿ ಇಡುತ್ತೇವೆ.

ಇವತ್ತು ಆ ಮೊತ್ತವನ್ನು ಬಿಡಿಸಿ ನೋಡೋಣ. ಅದರೊಳಗೆ ರಾಜ್ಯದ ಪರೀಕ್ಷಾ ಮಂಡಲಿ ಅಳೆದ ಪಾಲೂ ಇದೆ, ಕಾಲೇಜು ಕೊಟ್ಟ ಪಾಲೂ ಇದೆ. ಕಾಲೇಜಿನ ಪಾಲು ಕಳೆದ ಕೆಲವೇ ವರ್ಷಗಳಲ್ಲಿ ಬಹಳ ದೊಡ್ಡದಾಗಿದೆ. ಅದನ್ನು ನಾವು ಉಪನ್ಯಾಸಕರು ಹೇಗೆ ಬಳಸುತ್ತೇವೆ ಎಂಬುದರ ಮೇಲೆ ಇನ್ನು ಮುಂದೆ ಈ ಪ್ರಮಾಣಪತ್ರದ ಬೆಲೆ ನಿಂತಿದೆ. ನಾನು ಹೇಳಬೇಕೆಂದು ಬಂದಿರುವುದು ಇದೊಂದೇ ಮಾತು.

ಮೊದಲು ಕಟ್ಟಡ ನೋಡೋಣ. ಪಿಯುಸಿ ಎರಡು ವರ್ಷದ ಓದು. ಆರು ವಿಷಯ, ಪ್ರತಿಯೊಂದಕ್ಕೂ 100 ಅಂಕ, ಒಟ್ಟು 600. ಆರರಲ್ಲಿ ಎರಡು ಭಾಷೆಗಳು. ಬಹುತೇಕ ಮಕ್ಕಳು ಇಂಗ್ಲಿಷ್ ಮತ್ತು ಕನ್ನಡ ತೆಗೆದುಕೊಳ್ಳುತ್ತಾರೆ. ಹಿಂದಿ, ಸಂಸ್ಕೃತ, ಉರ್ದು, ತೆಲುಗು ಆರಿಸಿಕೊಳ್ಳುವವರೂ ಇದ್ದಾರೆ. ಉಳಿದ ನಾಲ್ಕು ಐಚ್ಛಿಕ ವಿಷಯಗಳು. ಇವನ್ನು ಬೇಕಾದಂತೆ ಬಿಡಿಬಿಡಿಯಾಗಿ ಆಯ್ದುಕೊಳ್ಳಲು ಬರುವುದಿಲ್ಲ, ಕಾಂಬಿನೇಷನ್ ಎಂದು ಕಟ್ಟುಕಟ್ಟಾಗಿ ಬರುತ್ತವೆ. ಪಿಸಿಎಂಬಿ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಎಚ್‌ಇಬಿಎ ಎಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಎಚ್‌ಇಪಿಎಸ್ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಯಾವ ಕಾಲೇಜಿನಲ್ಲಿ ಯಾವ ಕಟ್ಟು ಇದೆಯೋ ಅದರೊಳಗೇ ಹುಡುಗನ ಆಯ್ಕೆ. ಬಳ್ಳಾರಿ ನಗರದಲ್ಲಿ ಓದುವವರಿಗೆ ಹತ್ತಾರು ಕಾಲೇಜು, ಹತ್ತಾರು ಕಾಂಬಿನೇಷನ್. ಸಿರುಗುಪ್ಪ, ಕುರುಗೋಡಿನ ಹಳ್ಳಿಗಳ ಹೆಣ್ಣುಮಕ್ಕಳಿಗೆ ಬಸ್ಸು ಯಾವ ಹೊತ್ತಿಗೆ ಇದೆ ಎಂಬುದೇ ಕಾಂಬಿನೇಷನ್ ತೀರ್ಮಾನಿಸುತ್ತದೆ. ಹತ್ತನೇ ತರಗತಿ ಮುಗಿಸಿದ ಜೂನ್ ತಿಂಗಳಲ್ಲಿ, ಅರ್ಜಿಯ ಸಾಲಿನಲ್ಲಿ ನಿಂತು ಮಾಡುವ ಈ ಆಯ್ಕೆಯನ್ನು ಮುಂದೆ ತಿದ್ದಿಕೊಳ್ಳುವುದು ಬಲು ಕಷ್ಟ. ಗಣಿತ ಬಿಟ್ಟವನು ಎಂಜಿನಿಯರಿಂಗ್ ಕಡೆ ತಿರುಗುವಂತಿಲ್ಲ. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ಮೊದಲ ಪರೀಕ್ಷೆ ಇದೇ, ಮತ್ತು ಇದಕ್ಕೆ ಮಕ್ಕಳನ್ನು ಯಾರೂ ತಯಾರು ಮಾಡುವುದಿಲ್ಲ.

ಚರಿತ್ರೆಯನ್ನು ಸ್ವಲ್ಪದರಲ್ಲಿ ಹೇಳಿ ಮುಂದೆ ಹೋಗುತ್ತೇನೆ, ಆದರೆ ಬಳ್ಳಾರಿಯವರು ಇದನ್ನು ತಿಳಿದಿರಬೇಕು. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದವರು. ವೀರಶೈವ ವಿದ್ಯಾವರ್ಧಕ ಸಂಘ 1945ರಲ್ಲಿ ಇಲ್ಲಿ ವೀರಶೈವ ಕಾಲೇಜು ತೆರೆದಾಗ ನಮ್ಮ ಮಕ್ಕಳು ಓದುತ್ತಿದ್ದದ್ದು ಮದ್ರಾಸ್ ಕಡೆಯ ಇಂಟರ್‌ಮೀಡಿಯೆಟ್. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಅದರ ನಂತರ ವಿಶ್ವವಿದ್ಯಾಲಯಗಳ ಕೈಯಲ್ಲಿ ಒಂದು ವರ್ಷದ ಪಿಯುಸಿ ಬಂತು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಹತ್ತು, ಎರಡು, ಮೂರು ವರ್ಷಗಳ ಕ್ರಮವನ್ನು ಶಿಫಾರಸು ಮಾಡಿತು. 1970ರ ದಶಕದಲ್ಲಿ ನಮ್ಮ ಎರಡು ವರ್ಷದ ಪಿಯುಸಿ ಬೇರೂರಿತು. ಬಹಳ ಕಾಲ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಒಂದು ಮಂಡಲಿ, ಪಿಯುಸಿ ಪರೀಕ್ಷೆಗೆ ಪದವಿಪೂರ್ವ ಶಿಕ್ಷಣ ಇಲಾಖೆ. 2022ರಲ್ಲಿ ಎರಡೂ ಪರೀಕ್ಷೆಗಳು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಎಂಬ ಒಂದೇ ಸೂರಿನಡಿ ಬಂದವು.

ಹೀಗೆ ಬೆಳೆದ ಪಿಯುಸಿಯಲ್ಲಿ ಒಂದು ವಿಚಿತ್ರ ಉಳಿದುಕೊಂಡಿದೆ. ಓದುವುದು ಎರಡು ವರ್ಷ, ಅಂಕಪಟ್ಟಿಯಲ್ಲಿ ಇರುವುದು ಒಂದೇ ವರ್ಷ. ಪ್ರಥಮ ಪಿಯುಸಿಯಲ್ಲಿ ಪಾಸಾದರೆ ಸಾಕು, ಆ ಅಂಕ ಮುಂದೆ ಎಲ್ಲೂ ಕಾಣುವುದಿಲ್ಲ. ಇಲ್ಲಿಂದ ಗಡಿ ದಾಟಿ ಆದೋನಿಗೆ ಹೋದರೆ ಲೆಕ್ಕ ಬೇರೆ. ಆಂಧ್ರದ ಇಂಟರ್‌ನಲ್ಲಿ ಎರಡೂ ವರ್ಷ ಬೋರ್ಡ್ ಪರೀಕ್ಷೆ, ಎರಡೂ ಸೇರಿ 1000 ಅಂಕ. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳು ಬರೆಯುವ ಕೇರಳದ ಪ್ಲಸ್ ಟೂನಲ್ಲೂ ಹಾಗೆಯೇ, ಎರಡು ವರ್ಷ ಸೇರಿ 1200. ಸಿರುಗುಪ್ಪದ ಗಡಿ ಹಳ್ಳಿಗಳಲ್ಲಿ ಒಂದೇ ಮನೆಯ ಅಣ್ಣ-ತಮ್ಮಂದಿರ ಮಕ್ಕಳಲ್ಲಿ ಒಬ್ಬ ಆದೋನಿಯಲ್ಲಿ ಇಂಟರ್, ಇನ್ನೊಬ್ಬ ಸಿರುಗುಪ್ಪದಲ್ಲಿ ಪಿಯುಸಿ ಓದುವುದುಂಟು. ಹಬ್ಬಕ್ಕೆ ಸೇರಿದಾಗ ಇಬ್ಬರ ಅಂಕ ಹೋಲಿಸಲು ಕೂತರೆ ಜಗಳವೇ ಆಗುತ್ತದೆ. ಹೋಲಿಸುವುದಕ್ಕೇ ಆಗದ ಎರಡು ಅಳತೆಗಳು ಅವು.

ಮೊದಲ ವರ್ಷದ ಅಂಕ ಸೇರಬೇಕೋ ಬೇಡವೋ ಎಂಬುದಕ್ಕೆ ಎರಡೂ ಕಡೆ ವಾದಗಳಿವೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿ, ಒಮ್ಮೆಲೇ ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಕೇಳುವ ಕುರುಗೋಡಿನ ಹುಡುಗನಿಗೆ ಮೊದಲ ವರ್ಷ ಉಸಿರು ಹಿಡಿದುಕೊಳ್ಳುವುದಕ್ಕೇ ಬೇಕು. ಆ ವರ್ಷದ ಅಂಕ ಅವನ ಕೊರಳಿಗೆ ಕಟ್ಟದೆ ಇರುವುದು ಒಳ್ಳೆಯದೇ ಎಂದು ನಾನು ನಂಬುತ್ತೇನೆ. ಆದರೆ ಅಂಕ ಇಲ್ಲ ಎಂಬ ಕಾರಣಕ್ಕೆ ಕೆಲವೆಡೆ ಮೊದಲ ವರ್ಷದ ಪಾಠವನ್ನು ಓಡಿಸಿ, ಎರಡನೆಯ ವರ್ಷದ ಪುಸ್ತಕವನ್ನೇ ಬೇಗ ಶುರು ಮಾಡುತ್ತಾರಲ್ಲ, ಅದು ಮಕ್ಕಳಿಗೆ ಮಾಡುವ ಅನ್ಯಾಯ. ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಗಳಾದ ಸಿಇಟಿ, ನೀಟ್ ಎರಡೂ ಪ್ರಥಮ ಪಿಯುಸಿ ಪಠ್ಯದಿಂದ ಧಾರಾಳವಾಗಿ ಪ್ರಶ್ನೆ ಕೇಳುತ್ತವೆ. ಈ ಎರಡು ವರ್ಷಗಳ ಸ್ವರೂಪವೇ ಬದಲಾಗುವ ಮಾತೂ ಇದೆ. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿತು. ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ ಎಂಬ ಕ್ರಮವನ್ನು ಅದು ಮುಂದಿಟ್ಟಿದೆ. ಕೇಂದ್ರದ 2020ರ ನೀತಿಯೂ ಒಂಬತ್ತರಿಂದ ಹನ್ನೆರಡರವರೆಗೆ ಒಂದೇ ಘಟ್ಟ ಎನ್ನುತ್ತದೆ. ಬೇರೆ ವಿಷಯಗಳಲ್ಲಿ ಭಿನ್ನವಾಗಿರುವ ಎರಡು ನೀತಿಗಳು ಇದೊಂದರಲ್ಲಿ ಹತ್ತಿರ ಬಂದಿವೆ. ಅದು ಜಾರಿಗೆ ಬಂದರೆ ಪ್ರೌಢಶಾಲೆಯ ಮೇಷ್ಟರು ಮತ್ತು ಪಿಯು ಉಪನ್ಯಾಸಕರು ಒಂದೇ ಕಡೆ ಕುಳಿತು ಮಾತಾಡುವ ಕಾಲ ಬಂದೀತು. ಆ ಮಾತುಕತೆ ಈಗ ಇಲ್ಲವೇ ಇಲ್ಲ.

ಇನ್ನು ಪರೀಕ್ಷೆಗೆ ಬರುತ್ತೇನೆ. ಪ್ರಶ್ನೆಪತ್ರಿಕೆ ಯಾರದೋ ಮನಸ್ಸಿಗೆ ಬಂದಂತೆ ತಯಾರಾಗುವುದಿಲ್ಲ. ಪ್ರತಿ ವಿಷಯಕ್ಕೂ ಬ್ಲೂಪ್ರಿಂಟ್ ಇರುತ್ತದೆ: ಯಾವ ಅಧ್ಯಾಯಕ್ಕೆ ಎಷ್ಟು ಅಂಕ, ಒಂದು ಅಂಕದ ಪ್ರಶ್ನೆ ಎಷ್ಟು, ಐದು ಅಂಕದ್ದು ಎಷ್ಟು, ನೆನಪು ಕೇಳುವುದೆಷ್ಟು, ಅನ್ವಯ ಕೇಳುವುದೆಷ್ಟು. ಈಚಿನ ಪತ್ರಿಕೆಗಳಲ್ಲಿ ಬಹು ಆಯ್ಕೆ, ಬಿಟ್ಟ ಸ್ಥಳ ತುಂಬುವುದು, ಹೊಂದಿಸಿ ಬರೆಯುವುದು ಇಂಥ ಪುಟ್ಟ ಪ್ರಶ್ನೆಗಳು ಹೆಚ್ಚಿವೆ. ಬರೆಯಲು ಹೆದರುವ ಮಕ್ಕಳಿಗೆ ಅವು ಧೈರ್ಯ ಕೊಡುತ್ತವೆ.

ಮೌಲ್ಯಮಾಪನ ಕೇಂದ್ರದೊಳಗೆ ಏನು ನಡೆಯುತ್ತದೆ ಎಂಬುದು ಪಾಲಕರಿಗೆ ಗೊತ್ತಿರುವುದಿಲ್ಲ, ಅದನ್ನು ಹೇಳಲೇಬೇಕು. ಉತ್ತರಪತ್ರಿಕೆ ಯಾವ ಊರಿನ ಯಾವ ಮಗುವಿನದು ಎಂಬುದು ಮೌಲ್ಯಮಾಪಕರಿಗೆ ತಿಳಿಯುವುದಿಲ್ಲ. ಅವರ ಕೈಯಲ್ಲಿ ‘ಸ್ಕೀಮ್’ ಇರುತ್ತದೆ. ಮಾದರಿ ಉತ್ತರ ಮತ್ತು ಅಂಕಗಳ ಹಂಚಿಕೆ ಎರಡೂ ಅದರಲ್ಲಿರುತ್ತವೆ. ಮಂಡಲಿ ಮಾದರಿ ಉತ್ತರಗಳನ್ನು ಮೊದಲೇ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಭೌತಶಾಸ್ತ್ರದ ಲೆಕ್ಕದಲ್ಲಿ ಸೂತ್ರಕ್ಕೆ ಒಂದು ಪಾಲು, ಬೆಲೆಗಳನ್ನು ಹಾಕಿದ್ದಕ್ಕೆ ಒಂದು ಪಾಲು, ಏಕಮಾನ ಸಮೇತ ಉತ್ತರಕ್ಕೆ ಒಂದು ಪಾಲು. ಉತ್ತರ ತಪ್ಪಾದರೂ ಹೆಜ್ಜೆಗಳಿಗೆ ಅಂಕ ಉಂಟು. ಲೆಕ್ಕಶಾಸ್ತ್ರದಲ್ಲಿ ಆಸ್ತಿ-ಹೊಣೆ ಪಟ್ಟಿ ತಾಳೆಯಾಗದಿದ್ದರೂ ಪಾಲುದಾರರ ಬಂಡವಾಳ ಖಾತೆ ಸರಿಯಿದ್ದರೆ ಅದರ ಅಂಕ ಸಿಗುತ್ತದೆ. ನನ್ನ ವಿಷಯ ಅರ್ಥಶಾಸ್ತ್ರ. ರೇಖಾಚಿತ್ರದಲ್ಲಿ ಅಕ್ಷಗಳ ಹೆಸರು ಬರೆಯದೆ ಬಿಟ್ಟು ಅಂಕ ಕಳೆದುಕೊಂಡ ಮಕ್ಕಳನ್ನು ಪ್ರತಿ ವರ್ಷ ಕಂಡಿದ್ದೇನೆ. ‘ಸರ್ ಗೊತ್ತಿತ್ತು, ಬರೀಲಿಲ್ಲ’ ಎನ್ನುತ್ತಾರೆ. ಗೊತ್ತಿದ್ದದ್ದು ಕಾಗದದ ಮೇಲೆ ಬರಬೇಕು ಎಂಬುದು ಈ ಅಳತೆಯ ಮೊದಲ ನಿಯಮ, ಅದನ್ನು ಕಲಿಸುವುದು ನಮ್ಮ ಕೆಲಸ.

ಅಂಕ ಕಡಿಮೆ ಬಂತು ಎಂದು ಅನ್ನಿಸಿದರೆ ದಾರಿ ಇದೆ. ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬೇಕು, ಒಂದು ವಿಷಯಕ್ಕೆ 530 ರೂಪಾಯಿ. ಆ ಮೇಲೆ ಬೇಕೆನಿಸಿದರೆ ಮರುಮೌಲ್ಯಮಾಪನ, ಅದಕ್ಕೆ 1670 ರೂಪಾಯಿ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಯುವ ತಾಯಿಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಸ್ಕ್ಯಾನ್ ಪ್ರತಿಯನ್ನು ವಿಷಯದ ಉಪನ್ಯಾಸಕರ ಮುಂದಿಟ್ಟು, ಅವರು ಸ್ಕೀಮ್ ಜೊತೆ ಹೋಲಿಸಿ ಹೇಳಿದ ಮೇಲೆಯೇ ಮುಂದಿನ ಹಣ ಕಟ್ಟಿ. ಇಂಥ ಪ್ರತಿ ತಂದ ಮಗುವಿಗೆ ಅರ್ಧ ಗಂಟೆ ಕೊಡದ ಉಪನ್ಯಾಸಕರು ಯಾರಾದರೂ ಇದ್ದರೆ ಅದು ತಪ್ಪು ಎಂದು ನಾನು ಇಲ್ಲೇ, ಸಹೋದ್ಯೋಗಿಗಳ ಎದುರಿಗೇ ಹೇಳುತ್ತೇನೆ.

ಈಗ ನಾನು ಮುಟ್ಟಬೇಕೆಂದಿದ್ದ ಜಾಗಕ್ಕೆ ಬಂದೆವು. ವಿಜ್ಞಾನದ ಪ್ರಯೋಗ ವಿಷಯಗಳಲ್ಲಿ ಬಹಳ ವರ್ಷಗಳಿಂದ 70 ಅಂಕ ಬರವಣಿಗೆಗೆ, 30 ಅಂಕ ಪ್ರಯೋಗಾಲಯಕ್ಕೆ. ಕಲೆ, ವಾಣಿಜ್ಯ, ಭಾಷೆ, ಗಣಿತಗಳಲ್ಲಿ ಪೂರ್ತಿ 100 ಅಂಕವೂ ಬರವಣಿಗೆಗೇ ಇತ್ತು. 2023-24ರಿಂದ ಇದು ಬದಲಾಯಿತು. ಪ್ರಯೋಗ ಇಲ್ಲದ ವಿಷಯಗಳಲ್ಲೂ 80 ಅಂಕ ಬರವಣಿಗೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ವರ್ಷದುದ್ದಕ್ಕೂ ನಡೆಯುವ ಕಿರುಪರೀಕ್ಷೆಗಳಿಂದ ಒಂದು ಪಾಲು, ಪ್ರಾಜೆಕ್ಟ್ ಅಥವಾ ಅಸೈನ್‌ಮೆಂಟ್‌ನಿಂದ ಇನ್ನೊಂದು ಪಾಲು.

ಕೂಡಿಸಿ ನೋಡಿ. ಎಚ್‌ಇಪಿಎಸ್ ಓದುವ ಹುಡುಗಿಗೆ ಆರು ವಿಷಯ, ತಲಾ 20, ಒಟ್ಟು 120 ಅಂಕ ಕಾಲೇಜಿನಲ್ಲೇ ತೀರ್ಮಾನವಾಗುತ್ತದೆ. ಪಿಸಿಎಂಬಿಯವರಿಗೆ ಎರಡು ಭಾಷೆ ಮತ್ತು ಗಣಿತದಿಂದ 60, ಮೂರು ಪ್ರಯೋಗಗಳಿಂದ 90, ಒಟ್ಟು 150. ಪ್ರಯೋಗಕ್ಕೆ ಹೊರಗಿನ ಪರೀಕ್ಷಕರು ಬರುತ್ತಾರೆ ನಿಜ, ಆದರೂ ನಡೆಯುವುದು ಕಾಲೇಜಿನ ಪ್ರಯೋಗಾಲಯದಲ್ಲೇ. ಅಂದರೆ 600ರಲ್ಲಿ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದವರೆಗೆ ನಮ್ಮ ಊರಿನಲ್ಲಿ, ನಮ್ಮ ಕೈಯಲ್ಲಿ ಇದೆ. ಇದಕ್ಕೆ ಇನ್ನೊಂದು ಸಂಗತಿ ಸೇರಿಸಿ. ಹಿಂದೆ ಪಾಸಾಗಲು ಪ್ರತಿ ವಿಷಯಕ್ಕೆ 35, ಒಟ್ಟು 210 ಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಇದನ್ನು ಶೇ 33ಕ್ಕೆ ಇಳಿಸಿತು: ಒಟ್ಟು 198, ಪ್ರತಿ ವಿಷಯದಲ್ಲಿ ಕನಿಷ್ಠ 30. 198ರಲ್ಲಿ 120ರವರೆಗೆ ಕಾಲೇಜಿನಿಂದಲೇ ಬರಬಹುದು ಎಂದಾದರೆ ಉಪನ್ಯಾಸಕನ ಪೆನ್ನು ಎಷ್ಟು ಭಾರ ಹೊತ್ತಿದೆ ಎಂದು ಯೋಚಿಸಿ.

ಈ ಭಾರವನ್ನು ಇಳಿಸಿಕೊಳ್ಳುವ ಸುಲಭದ ದಾರಿ ಒಂದಿದೆ. ಎಲ್ಲರಿಗೂ 18, 19, 20 ಹಾಕಿಬಿಡುವುದು. ನಾನು ಯಾವ ಕಾಲೇಜಿನ ಹೆಸರೂ ಎತ್ತುವುದಿಲ್ಲ, ಆದರೆ ಹೀಗೆ ಮಾಡಿದರೆ ತಪ್ಪೇನು, ಮಕ್ಕಳಿಗೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯದಲ್ಲ. ಎಲ್ಲರಿಗೂ ಒಂದೇ ಅಂಕ ಕೊಟ್ಟರೆ ಆ 20 ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ, ಮಗುವಿನ ಭವಿಷ್ಯ ಮತ್ತೆ ಆ 80ರ ಮೇಲೆಯೇ ನಿಲ್ಲುತ್ತದೆ. ಹಿಂದುಳಿದ ಮಗು ವರ್ಷವಿಡೀ ಏನಾದರೂ ಮಾಡಿ ಗಳಿಸಬಹುದಾಗಿದ್ದ ಜಾಗವನ್ನು ನಾವು ಪುಕ್ಕಟೆ ಹಂಚಿ ಕಳೆದಂತಾಗುತ್ತದೆ. ಗೈಡಿನಿಂದ ನಕಲು ಮಾಡಿ, ಬಣ್ಣದ ಹಾಳೆ ಹೊದಿಸಿ, ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿ ತಂದ ಪ್ರಾಜೆಕ್ಟಿಗೆ ಅಂಕ ಕೊಡುವುದೂ ಅಷ್ಟೇ.

ಹಾಗಾದರೆ ಏನು ಮಾಡಬೇಕು? ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ನಮ್ಮ ಮೂರು ಊರುಗಳ ಸುತ್ತಲೇ ಪಠ್ಯ ಹರಡಿಕೊಂಡಿದೆ. ಸಿರುಗುಪ್ಪದ ಭತ್ತದ ಗದ್ದೆ ಮತ್ತು ಅಕ್ಕಿ ಗಿರಣಿಗಳನ್ನು ನೋಡಿ. ಒಂದು ಚೀಲ ಭತ್ತ ಗಿರಣಿಗೆ ಹೋದರೆ ಎಷ್ಟು ಅಕ್ಕಿ, ಎಷ್ಟು ನುಚ್ಚು, ಎಷ್ಟು ತೌಡು ಬರುತ್ತದೆ, ಹೊಟ್ಟನ್ನು ಯಾರು ಕೊಳ್ಳುತ್ತಾರೆ, ಗಿರಣಿಯವರ ಕೂಲಿ ಎಷ್ಟು ಎಂದು ಬರೆದುಕೊಂಡು ಬಂದರೆ ಉತ್ಪಾದನಾ ವೆಚ್ಚದ ಅಧ್ಯಾಯ ಮುಗಿದಂತೆಯೇ. ಕುರುಗೋಡು, ಸಿರುಗುಪ್ಪ ಸೀಮೆಯ ರೈತ ಮೆಣಸಿನಕಾಯಿ ಬೆಳೆದು ಲಾರಿ ತುಂಬಿಸಿ ಬ್ಯಾಡಗಿಗೆ ಒಯ್ಯುತ್ತಾನೆ. ಬಾಡಿಗೆ, ದಲಾಲಿ, ತೂಕ, ತೇವಾಂಶದ ಕಡಿತ ಎಲ್ಲ ಹೋಗಿ ಕೈಗೆ ಬಂದದ್ದೆಷ್ಟು? ಮನೆಯಲ್ಲಿ ಅಪ್ಪನ ಜೇಬಿನ ಚೀಟಿಗಳನ್ನು ಜೋಡಿಸಿದರೆ ವ್ಯವಹಾರ ಅಧ್ಯಯನದ ಪ್ರಾಜೆಕ್ಟ್ ಸಿದ್ಧ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕತ್ತರಿಸುವವರು, ಹೊಲಿಯುವವರು, ಗುಂಡಿ ಹಾಕುವವರು, ತೊಳೆಯುವವರು ಬೇರೆ ಬೇರೆ. ಶ್ರಮವಿಭಜನೆ ಎಂಬ ಪಾಠವನ್ನು ಆ ಮಕ್ಕಳು ಮನೆಯಲ್ಲೇ ನೋಡುತ್ತಾ ಬೆಳೆದಿದ್ದಾರೆ.

ಇತಿಹಾಸದವರಿಗಂತೂ ಹಬ್ಬ. ನಮ್ಮ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ಅಶೋಕನ ಹೆಸರನ್ನೇ ನೇರವಾಗಿ ಹೇಳುವ ಶಾಸನಗಳು ದೇಶದಲ್ಲಿ ಬೆರಳೆಣಿಕೆಯಷ್ಟು, ಅವುಗಳಲ್ಲಿ ಇವೂ ಸೇರಿವೆ. ತೆಕ್ಕಲಕೋಟೆಯಲ್ಲಿ ನವಶಿಲಾಯುಗದ ನೆಲೆಯಿದೆ. ಕುರುಗೋಡು ಸಿಂದರು ಆಳಿದ ಊರು. ಬೆಟ್ಟ, ಕೋಟೆ, ದೊಡ್ಡ ಬಸವೇಶ್ವರ, ಶಾಸನಗಳು ಎಲ್ಲ ಒಂದು ದಿನದ ನಡಿಗೆಯಲ್ಲಿ ಸಿಗುತ್ತವೆ. ಕುರುಗೋಡಿನ ಮಗು ಆ ಕೋಟೆಯ ನಕ್ಷೆಯನ್ನು ತಾನೇ ನಡೆದು ಅಳೆದು ಬಿಡಿಸಿ ತಂದರೆ ಪ್ರಾಜೆಕ್ಟಿನ ಪೂರ್ತಿ ಅಂಕ ಕೊಡಿ, ಯಾರೂ ಪ್ರಶ್ನಿಸಲಾರರು.

ಕನ್ನಡದ ಉಪನ್ಯಾಸಕರಿಗೂ ಒಂದು ಮಾತು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಅಕ್ಷರ ಕಲಿತವರಲ್ಲ. ರಾತ್ರಿಗಟ್ಟಲೆ ಹಾಡುವ ಬುರ್ರಕಥೆಗಳ ಕಾವ್ಯರಾಶಿ ಅವರ ನೆನಪಿನಲ್ಲಿತ್ತು. 2014ರಲ್ಲಿ ಅವರು ತೀರಿಕೊಂಡರು, ಅಷ್ಟರಲ್ಲಿ ಅವರ ಹಾಡುಗಳು ಪುಸ್ತಕಗಳಾಗಿ ಬಂದಿದ್ದವು, ನಾಡೋಜ ಗೌರವವೂ ಅವರಿಗೆ ಸಂದಿತ್ತು. ಬರವಣಿಗೆಯ ಪರೀಕ್ಷೆಯ ಅಳತೆಗೆ ಸಿಕ್ಕದ ವಿದ್ಯೆ ನಮ್ಮ ಸೀಮೆಯಲ್ಲಿ ಎಷ್ಟು ದೊಡ್ಡದಿದೆ ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಡ. ಅಜ್ಜಿಯಿಂದ ಒಂದು ಬೀಸುವ ಪದ ಕೇಳಿ ಬರೆದು ತರುವ ಮಗುವಿಗೆ, ಬಯಲಾಟದ ಮೇಳದಲ್ಲಿ ಪಾತ್ರ ಮಾಡುವ ಹುಡುಗನಿಗೆ, ಈ 20 ಅಂಕಗಳಲ್ಲಿ ಮೊದಲ ಬಾರಿಗೆ ಜಾಗ ಸಿಕ್ಕಿದೆ. ಅದನ್ನು ಕೊಡುವುದು ನಮಗೆ ಬಿಟ್ಟದ್ದು.

ಪರೀಕ್ಷೆಯೇ ಇಲ್ಲದೆ ಅಂಕ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾವು ಒಮ್ಮೆ ಕಂಡಿದ್ದೇವೆ. 2021ರಲ್ಲಿ ಕೋವಿಡ್ ಕಾರಣಕ್ಕೆ ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿಯಿಂದ ಶೇ 45, ಪ್ರಥಮ ಪಿಯುಸಿಯಿಂದ ಶೇ 45, ಆಂತರಿಕ ಮೌಲ್ಯಮಾಪನದಿಂದ ಶೇ 10 ಸೇರಿಸಿ ಅಂಕ ಕೊಟ್ಟರು. ಎಲ್ಲರೂ ಪಾಸು. 2,239 ಮಕ್ಕಳಿಗೆ 600ಕ್ಕೆ 600. ಆಗಿನ ಪರಿಸ್ಥಿತಿಯಲ್ಲಿ ಬೇರೆ ದಾರಿ ಇರಲಿಲ್ಲ, ಸರ್ಕಾರವನ್ನು ನಾನು ದೂರುವುದಿಲ್ಲ. ಅದರ ನೋವು ಬಂದದ್ದು ಮರುವರ್ಷ. 2022ರ ಸಿಇಟಿಯನ್ನು ಮತ್ತೆ ಬರೆದ ಆ ತಂಡದ ಸುಮಾರು 24,000 ಮಕ್ಕಳ ಪಿಯುಸಿ ಅಂಕಗಳನ್ನು ರ‍್ಯಾಂಕ್‌ಗೆ ಪರಿಗಣಿಸುವುದಿಲ್ಲ ಎಂದು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಹೇಳಿತು. ಮಕ್ಕಳು ಹೈಕೋರ್ಟಿಗೆ ಹೋದರು. ಕೊನೆಗೆ ಆ ಅಂಕಗಳಲ್ಲಿ ಸ್ವಲ್ಪ ಕಡಿತ ಮಾಡಿ ಸೇರಿಸಿಕೊಳ್ಳುವ ಸೂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಅಂಕಪಟ್ಟಿಯ ಮೇಲೆ ಸರ್ಕಾರದ ಮುದ್ರೆ ಇತ್ತು, ಆದರೂ ಅದನ್ನು ಜನ ಪೂರ್ತಿ ನಂಬಲಿಲ್ಲ. ಆ ಮಕ್ಕಳದೇನೂ ತಪ್ಪಿರಲಿಲ್ಲ. ಉದಾರವಾಗಿ ಹಂಚಿದ ಆಂತರಿಕ ಅಂಕಗಳಿಗೂ ಇದೇ ಗತಿ ಬರಬಾರದು ಎಂಬುದು ನನ್ನ ಕಾಳಜಿ.

ನಂಬಿಕೆ ಇನ್ನೊಂದು ಬಗೆಯಲ್ಲೂ ಮುರಿಯುತ್ತದೆ. 2016ರ ಮಾರ್ಚ್ 21ರಂದು ನಡೆದ ರಸಾಯನಶಾಸ್ತ್ರ ಪತ್ರಿಕೆ ಸೋರಿಕೆಯಾಯಿತು. ಮರುಪರೀಕ್ಷೆಗೆ 31ನೇ ತಾರೀಕು ನಿಗದಿಯಾದರೆ ಆ ಪತ್ರಿಕೆಯೂ ಸೋರಿಕೆಯಾಯಿತು. ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ಕ್ಕೆ. ಒಂದೇ ಪತ್ರಿಕೆಗೆ ಮಕ್ಕಳು ಮೂರು ಸಲ ಓದಿದರು. ಅದರ ನಂತರ ಪ್ರಶ್ನೆಪತ್ರಿಕೆಯ ಸಾಗಾಟ, ಕಾವಲು ಎಲ್ಲ ಬಿಗಿಯಾದವು, ಈಗ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಕೂಡ ಬಂದಿದೆ.

2023-24ರಲ್ಲಿ ಬಂದ ಇನ್ನೊಂದು ಬದಲಾವಣೆಯನ್ನು ನಾನು ಮನಃಪೂರ್ವಕ ಸ್ವಾಗತಿಸುತ್ತೇನೆ. ವಾರ್ಷಿಕ ಪರೀಕ್ಷೆ, ಪೂರಕ ಪರೀಕ್ಷೆ ಎಂಬ ಹೆಸರುಗಳು ಹೋದವು. 2024ರಲ್ಲಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ನಡೆದವು. ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕ ಉಳಿಯುತ್ತದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ‘ಸಪ್ಲಿಮೆಂಟರಿ ಕಟ್ಟಿದವಳು’ ಎಂಬ ಮಾತು ಹೆಣ್ಣುಮಕ್ಕಳ ಮದುವೆ ಮಾತುಕತೆಯವರೆಗೂ ಬೆನ್ನಟ್ಟುತ್ತಿತ್ತು, ಅದಕ್ಕೆ ಈಗ ನೆಲೆ ಇಲ್ಲ.

ಮತ್ತೆ ಬರೆಯುವ ಈ ಅವಕಾಶ ನಮ್ಮ ಸೀಮೆಗೆ ಇನ್ನೂ ಹೆಚ್ಚು ಬೇಕಿತ್ತು. ಪರೀಕ್ಷೆ-1 ಬರುವ ಹೊತ್ತಿಗೆ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸ ಭರದಲ್ಲಿರುತ್ತದೆ. ಜನವರಿಯಿಂದಲೇ ಶುರು. ಕೂಲಿ ಆಳು ಸಿಗದ ಮನೆಗಳಲ್ಲಿ ಮಗಳು ಹೊಲಕ್ಕೆ, ಸಣ್ಣ ತಮ್ಮನನ್ನು ನೋಡಿಕೊಳ್ಳಲು ಇನ್ನೊಬ್ಬ ಮಗಳು ಮನೆಗೆ. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಜನವರಿ, ಫೆಬ್ರುವರಿಯಲ್ಲಿ ಹಾಜರಿ ಪುಸ್ತಕ ತೆಗೆದರೆ ಯಾರ ಮನೆಯಲ್ಲಿ ಮೆಣಸಿನಕಾಯಿ ಇದೆ ಎಂದು ಕೆಂಪು ಗುರುತುಗಳೇ ಹೇಳುತ್ತವೆ. ಅಂಕ ಬಂದ ಮೇಲೂ ಗೊಂದಲ ಮುಗಿಯುವುದಿಲ್ಲ. ಸಿರುಗುಪ್ಪ ಬಸ್ ನಿಲ್ದಾಣದಲ್ಲಿ ಒಬ್ಬ ತಂದೆ ನನ್ನನ್ನು ಕೇಳಿದ್ದರು: ‘ಸರ್, ನನ್ನ ಮಗಳಿಗೆ ನಾನೂರಾ ಹನ್ನೆರಡು ಬಂದಾವ್ರಿ. ಇದು ಚಲೋನೋ ಕಡಿಮಿನೋ ಹೇಳ್ರಿ.’ 510 ದಾಟಿದರೆ ಡಿಸ್ಟಿಂಕ್ಷನ್, 360 ದಾಟಿದರೆ ಪ್ರಥಮ ದರ್ಜೆ, 300 ದಾಟಿದರೆ ದ್ವಿತೀಯ ದರ್ಜೆ ಎಂದು ಹೇಳಿದೆ, ನಿಮ್ಮ ಮಗಳು ಫಸ್ಟ್ ಕ್ಲಾಸ್ ಎಂದೆ. ಅವರಿಗೆ ಬೇಕಿದ್ದದ್ದು ಅದಲ್ಲ. ‘ಮುಂದ ಏನು ಓದ್ಸಬಹುದು?’ ಎಂಬುದು ಅವರ ನಿಜವಾದ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಗೆ ಉತ್ತರ ಈಗ ಅಂಕಪಟ್ಟಿಯೊಂದರಲ್ಲೇ ಇಲ್ಲ. ಎಂಜಿನಿಯರಿಂಗ್‌ಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ. ವೈದ್ಯಕೀಯಕ್ಕೆ ನೀಟ್ ಒಂದೇ, ಪಿಯುಸಿ ಅಂಕ ಬರೀ ಅರ್ಹತೆಗೆ. ವಿಮ್ಸ್ ಎಂದೇ ನಾವು ಕರೆಯುವ, 1961ರಲ್ಲಿ ಶುರುವಾದ ಬಳ್ಳಾರಿಯ ವೈದ್ಯಕೀಯ ಕಾಲೇಜಿನಲ್ಲಿ ಸಂವಿಧಾನದ 371(ಜೆ) ವಿಧಿಯಿಂದಾಗಿ ನಮ್ಮ ಭಾಗದ ಮಕ್ಕಳಿಗೆ ಮೀಸಲು ಸೀಟುಗಳಿವೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಪ್ರಥಮ ಪಿಯುಸಿಯಲ್ಲೇ ಮಾಡಿಸಿಟ್ಟುಕೊಳ್ಳಿ, ಕೊನೆಯ ವಾರದಲ್ಲಿ ಸಹಾಯಕ ಆಯುಕ್ತರ ಕಚೇರಿಗೆ ಓಡಬೇಡಿ. ಕೃಷಿ ಪದವಿಗೆ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಪ್ರಾಯೋಗಿಕ ಪರೀಕ್ಷೆ ಇದೆ. ಸಿರುಗುಪ್ಪದಲ್ಲೇ ಕೃಷಿ ಸಂಶೋಧನಾ ಕೇಂದ್ರ ಇರುವಾಗ ನಮ್ಮ ಮಕ್ಕಳು ಆ ದಾರಿಯನ್ನು ಇನ್ನೂ ಹೆಚ್ಚು ಹಿಡಿಯಬೇಕು.

ಕಲಾ ವಿಭಾಗದ ಬಗ್ಗೆ ಹೇಳದೆ ಮುಗಿಸಲಾರೆ. 2025ರ ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ ಶೇ 73.45. ವಿಜ್ಞಾನ ಶೇ 82.54, ವಾಣಿಜ್ಯ ಶೇ 76.07, ಕಲೆ ಶೇ 53.29. ಕಲಾ ವಿಭಾಗದಲ್ಲಿ ಹೆಚ್ಚುಕಡಿಮೆ ಅರ್ಧ ಮಕ್ಕಳು ಮೊದಲ ಪ್ರಯತ್ನದಲ್ಲಿ ಉಳಿದುಬಿಟ್ಟರು. ಕಲೆ ಸುಲಭ, ಓದಲು ಆಗದವರು ಅದಕ್ಕೆ ಹೋಗಲಿ ಎಂದು ತಳ್ಳಿದ್ದರ ಫಲ ಇದು. ಮೊನ್ನೆಮೊನ್ನೆಯವರೆಗೆ ನಮ್ಮದೇ ಜಿಲ್ಲೆಯಲ್ಲಿದ್ದ, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೊಟ್ಟೂರಿನ ‘ಇಂದು’ ಪದವಿಪೂರ್ವ ಕಾಲೇಜಿನ ಮಕ್ಕಳು ಅದೇ ಕಲಾ ವಿಭಾಗದಲ್ಲಿ ರಾಜ್ಯಕ್ಕೆ ಮೊದಲು ಬಂದ ವರ್ಷಗಳು ಹಲವು. ಮಣ್ಣು ಅದೇ, ಮಕ್ಕಳೂ ಅಂಥವರೇ. ಕಲೆಯನ್ನು ಗಂಭೀರವಾಗಿ ಕಲಿಸಿದರೆ ಏನಾಗುತ್ತದೆ ಎಂಬುದು ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಕಾಣುತ್ತಿದೆ.

ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ ಇಷ್ಟು. ಆಂತರಿಕ ಅಂಕಗಳನ್ನು ಮಂಡಲಿಗೆ ಕಳಿಸುವ ಮೊದಲು ಮಗುವಿಗೆ ತೋರಿಸಿ, ಏಕೆ 14, ಏಕೆ 19 ಎಂದು ಹೇಳಿ. ಪ್ರಾಜೆಕ್ಟಿನ ವಿಷಯವನ್ನು ಗೈಡಿನಿಂದ ತೆಗೆಯಬೇಡಿ, ಮಗುವಿನ ಊರಿನಿಂದ ತೆಗೆಯಿರಿ. ಮೆಣಸಿನಕಾಯಿ ಕಾಲದಲ್ಲಿ ತಪ್ಪಿಸಿಕೊಂಡ ಮಗುವನ್ನು ಹಾಜರಾತಿ ಕೊರತೆಯ ಪಟ್ಟಿಗೆ ಸೇರಿಸುವ ಮೊದಲು ಒಮ್ಮೆ ಆ ಮನೆಗೆ ಫೋನ್ ಮಾಡಿ.

ತಂದೆ-ತಾಯಂದಿರೆ, ಫಲಿತಾಂಶದ ದಿನ ಬಂದು ನಮ್ಮನ್ನು ಕೇಳುವುದಕ್ಕಿಂತ ಡಿಸೆಂಬರ್‌ನಲ್ಲಿ ಒಂದು ದಿನ ಕಾಲೇಜಿಗೆ ಬನ್ನಿ. ನನ್ನ ಮಗಳ ಪ್ರಾಜೆಕ್ಟ್ ಪುಸ್ತಕ ತೋರಿಸ್ರಿ, ಕಿರುಪರೀಕ್ಷೆಯ ಅಂಕ ತೋರಿಸ್ರಿ ಎಂದು ಕೇಳಿ. ಹಾಗೆ ಕೇಳುವ ಹಕ್ಕು ನಿಮಗಿದೆ, ತೋರಿಸುವುದು ನಮ್ಮ ಕೆಲಸ.